ಕಡಲು ದಾಟಿದವರ ಕಿಬ್ಲಾ

ಸುರಿನಾಮ್ ಎಂಬ ದೇಶದ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ದಕ್ಷಿಣ ಅಮೆರಿಕದ ಈಶಾನ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ಪುಟ್ಟ ದೇಶ ಅದು. ಜನಸಂಖ್ಯೆ ಆರು ಲಕ್ಷದ ಆಸುಪಾಸು. ಭೂಮಧ್ಯರೇಖೆಗೆ ತೀರಾ ಹತ್ತಿರ ಇರುವುದರಿಂದ ವರ್ಷವಿಡೀ ಸೆಕೆ, ಬಿಟ್ಟೂ ಬಿಡದ ಮಳೆ, ಎಲ್ಲಿ ನೋಡಿದರೂ ಹಸಿರು. ಭತ್ತದ ಗದ್ದೆ, ಬಾಳೆ, ತೆಂಗು ಎಲ್ಲವೂ ಇರುವುದರಿಂದ ನಮ್ಮ ಕರಾವಳಿಯವರು ಅಲ್ಲಿಗೆ ಹೋಗಿ ಇಳಿದರೆ ಅಷ್ಟೇನೂ ಪರಕೀಯ ಅನ್ನಿಸದು. ಅಲ್ಲಿನ ಜನರಲ್ಲಿ ಸುಮಾರು ಶೇಕಡಾ 14 ಮಂದಿ ಮುಸ್ಲಿಮರು.

ಆ ದೇಶದ ಜಾವಾ ಮೂಲದ ಮುಸ್ಲಿಮರಲ್ಲಿ ಎರಡು ಬಗೆಯ ಮಸೀದಿಗಳಿವೆ. ಒಂದು ಬಗೆಯ ಮಸೀದಿಯಲ್ಲಿ ಜನರು ಪೂರ್ವಕ್ಕೆ ಮುಖ ಮಾಡಿ ನಮಾಝ್ ನಿರ್ವಹಿಸುತ್ತಾರೆ. ಇನ್ನೊಂದರಲ್ಲಿ ಪಶ್ಚಿಮಕ್ಕೆ. ಮಕ್ಕಾ ಇರುವುದು ಸುರಿನಾಮ್‌ನಿಂದ ಪೂರ್ವ ದಿಕ್ಕಿನಲ್ಲಿ, ತುಸು ಉತ್ತರಕ್ಕೆ ವಾಲಿ. ಅಂದರೆ ಎರಡನೆಯ ಬಗೆಯವರು ಪವಿತ್ರ ಕಅಬಾಕ್ಕೆ ಬೆನ್ನು ಹಾಕಿ ನಿಂತಂತಾಯಿತು. ಇದನ್ನು ಕೇಳಿದ ಕೂಡಲೇ ನಮಗೆ ಒಂದೋ ನಗು ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಎರಡಕ್ಕೂ ಅವಸರ ಬೇಡ. ಇದು ಯಾರೋ ನಾಲ್ಕು ಮಂದಿ ಹುಟ್ಟುಹಾಕಿದ ಹೊಸ ಪಂಥವಲ್ಲ. ಊರು ಬಿಟ್ಟು ಹೋದ ಕುಟುಂಬಗಳು ಪರದೇಶದಲ್ಲಿ ಹೇಗೆ ಬೇರು ಬಿಟ್ಟವು ಎಂಬ ಚರಿತ್ರೆಯ ಒಂದು ಅಧ್ಯಾಯ.

ಮೊದಲು ಅವರು ಅಲ್ಲಿಗೆ ಹೋದದ್ದು ಹೇಗೆಂದು ನೋಡೋಣ.

ಸುರಿನಾಮ್ ಡಚ್ಚರ ವಸಾಹತಾಗಿತ್ತು. ಕಬ್ಬು, ಕಾಫಿ, ಕೊಕ್ಕೊ ತೋಟಗಳಲ್ಲಿ ಆಫ್ರಿಕದಿಂದ ತಂದ ಗುಲಾಮರನ್ನು ದುಡಿಸಿ ಡಚ್ಚರು ಹಣ ಮಾಡಿದರು. 1863ರ ಜುಲೈ 1ರಂದು ಅಲ್ಲಿ ಗುಲಾಮಗಿರಿ ರದ್ದಾಯಿತು. ರದ್ದಾಯಿತು ಎಂದರೂ ಬಿಡುಗಡೆಯಾದವರು ಸರಕಾರದ ಕಣ್ಗಾವಲಿನಲ್ಲಿ ಇನ್ನೂ ಹತ್ತು ವರ್ಷ ಕೂಲಿಗೆ ದುಡಿಯಲೇಬೇಕು ಎಂಬ ಕರಾರು ಇತ್ತು. ಆ ಹತ್ತು ವರ್ಷ ಮುಗಿದ 1873ರಲ್ಲಿ ತೋಟಗಳ ಮಾಲಕರಿಗೆ ಹೊಸ ಕೈಗಳು ಬೇಕಾದವು. ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ಕಲ್ಕತ್ತೆಯಿಂದ ಭಾರತೀಯ ಕೂಲಿಗಳನ್ನು ತರಿಸಿದರು. ‘ಲಲ್ಲಾ ರೂಖ್’ ಎಂಬ ಹಡಗು 1873ರ ಜೂನ್ ತಿಂಗಳಲ್ಲಿ ಮೊದಲ ತಂಡವನ್ನು ಹೊತ್ತು ತಲುಪಿತು. 1916ರ ತನಕ ಹೀಗೆ 34 ಸಾವಿರಕ್ಕೂ ಹೆಚ್ಚು ಮಂದಿ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳ ಹಳ್ಳಿಗಾಡಿನವರು. ಬಹುಪಾಲು ಹಿಂದೂಗಳು, ಉಳಿದವರು ಮುಸ್ಲಿಮರು.

ಆದರೆ ಭಾರತದ ಕೂಲಿಗಳು ಬ್ರಿಟಿಷ್ ಪ್ರಜೆಗಳಾಗಿದ್ದರು. ಅನ್ಯಾಯವಾದರೆ ಅಲ್ಲಿದ್ದ ಬ್ರಿಟಿಷ್ ಪ್ರತಿನಿಧಿಗೆ ದೂರು ಕೊಡಬಹುದಿತ್ತು. ಇದು ತೋಟದ ಮಾಲಕರಿಗೆ ಹಿಡಿಸಲಿಲ್ಲ. ತಮ್ಮದೇ ಆಳ್ವಿಕೆಯ ಇನ್ನೊಂದು ವಸಾಹತು ಇರುವಾಗ ಬೇರೆಯವರ ಪ್ರಜೆಗಳು ಯಾಕೆ ಎಂಬ ಲೆಕ್ಕಾಚಾರದಲ್ಲಿ ಅವರು ಜಾವಾ ದ್ವೀಪದತ್ತ ತಿರುಗಿದರು. 1890ರ ಆಗಸ್ಟ್ 9ರಂದು 94 ಮಂದಿ ಜಾವಾದವರು ಸುರಿನಾಮ್ ತಲುಪಿದರು. ಕೊಮೆವೈನ್ ನದಿಯ ದಡದ ಮಾರಿಯೆನ್‌ಬರ್ಗ್ ಸಕ್ಕರೆ ತೋಟಕ್ಕೆ ಅವರನ್ನು ಕಳುಹಿಸಲಾಯಿತು. ಅಲ್ಲಿಂದ 1939ರ ತನಕ ಸುಮಾರು 33 ಸಾವಿರ ಜಾವಾದವರು ಈ ದಾರಿ ಹಿಡಿದರು. ಬಹುತೇಕ ಎಲ್ಲರೂ ಮುಸ್ಲಿಮರು. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ನವಾಯತರ ಹಾಗೆ ಶಾಫಿಈ ಮದ್‌ಹಬ್‌ನವರು.

ಇವರನ್ನು ಕೂಲಿಗೆ ಸೇರಿಸುತ್ತಿದ್ದ ದಲ್ಲಾಳಿಗಳಿಗೆ ಜಾವಾದಲ್ಲಿ ‘ವೆರೆಕ್’ ಎಂಬ ಹೆಸರಿತ್ತು. ಮುದುಕರಾದ ಮೇಲೆ ಇವರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿದ ಕಥೆಗಳಲ್ಲಿ ಈ ವೆರೆಕ್‌ಗಳ ಮಾತು ಮತ್ತೆ ಮತ್ತೆ ಬರುತ್ತದೆ. ಸಂತೆಯಲ್ಲಿ ಪರಿಚಯ ಮಾಡಿಕೊಂಡು, ಊಟ ಕೊಡಿಸಿ, ಹತ್ತಿರದಲ್ಲೇ ಒಳ್ಳೆಯ ಕೆಲಸ ಇದೆ ಎಂದು ನಂಬಿಸಿ ಕರೆದುಕೊಂಡು ಹೋದರು, ಕಣ್ಣು ಬಿಟ್ಟಾಗ ಹಡಗಿನಲ್ಲಿದ್ದೆವು, ನಮಗೆ ಏನೋ ಮಾಟ ಮಾಡಿದ್ದರು ಎನ್ನುವವರೂ ಇದ್ದರು. ಎಲ್ಲರೂ ಮೋಸ ಹೋದವರೆಂದು ಹೇಳಲಾಗದು. ಬಡತನದಿಂದಲೋ ಮನೆಯ ಜಗಳದಿಂದಲೋ ತಾವಾಗಿಯೇ ಹೊರಟವರೂ ಇದ್ದರು. ಗಲ್ಫಿಗೆಂದು ಏಜೆಂಟರ ಕೈಗೆ ಹಣ ಕೊಟ್ಟು ಬೇರೆಲ್ಲೋ ಹೋಗಿ ಸಿಕ್ಕಿಬಿದ್ದವರ ಕಥೆಗಳನ್ನು ಕೇಳಿದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಮೊದಮೊದಲು ಹೋದವರ ಪ್ರಯಾಣ ಎರಡು ತಿಂಗಳಿಗೂ ಮೀರಿದ್ದು. ಜಾವಾದಿಂದ ಆಮ್‌ಸ್ಟರ್‌ಡ್ಯಾಮಿಗೆ ಒಂದು ಹಡಗು, ಅಲ್ಲಿಂದ ಸುರಿನಾಮ್‌ಗೆ ಇನ್ನೊಂದು. ಆ ಕಾಲಕ್ಕೆ ಸೂಯೆಝ್ ಕಾಲುವೆ ತೆರೆದಾಗಿತ್ತು. ಯುರೋಪಿಗೆ ಹೋಗುವ ಹಬೆ ಹಡಗುಗಳು ಹಿಂದೂ ಮಹಾಸಾಗರ ದಾಟಿ, ಕೆಂಪು ಸಮುದ್ರದಲ್ಲಿ ಉತ್ತರಕ್ಕೆ ಸಾಗುತ್ತಿದ್ದವು. ಈ ದಾರಿಯನ್ನು ಭೂಪಟದಲ್ಲಿ ಒಮ್ಮೆ ಬೆರಳಿಟ್ಟು ನೋಡಿ. ಜಾವಾದಿಂದ ಹೊರಟಾಗ ಮಕ್ಕಾ ಮುಂದೆ, ಪಶ್ಚಿಮದಲ್ಲಿತ್ತು. ಕೆಂಪು ಸಮುದ್ರದಲ್ಲಿ ಜಿದ್ದಾದ ಹತ್ತಿರ ಹಾದುಹೋಗುವಾಗ ಅದು ಹಡಗಿನ ಬಲಗಡೆಗೆ, ಪೂರ್ವಕ್ಕೆ ಬಂತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ಆಗ್ನೇಯದಲ್ಲಿತ್ತು. ಅಟ್ಲಾಂಟಿಕ್ ದಾಟಿ ಮುಗಿಯುವಾಗ ಪೂರ್ತಿ ಬೆನ್ನ ಹಿಂದೆ ಉಳಿಯಿತು. ಜೀವಮಾನದಲ್ಲಿ ಒಮ್ಮೆಯಾದರೂ ಹೋಗಬೇಕೆಂದು ಅವರ ಹಳ್ಳಿಗಳಲ್ಲಿ ಜನರು ಹಣ ಕೂಡಿಡುತ್ತಿದ್ದ ನಗರದ ಪಕ್ಕದಲ್ಲೇ, ಇಳಿಯುವ ಅನುಮತಿ ಇಲ್ಲದೆ, ಎಲ್ಲಿ ಹಾದುಹೋಗುತ್ತಿದ್ದೇವೆಂದು ಬಹುಶಃ ತಿಳಿಯದೆಯೂ ಅವರು ಸಾಗಿದರು.

ಹಡಗಿನಲ್ಲಿ ಒಂದು ಹೊಸ ಸಂಬಂಧ ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವರು ಪರಸ್ಪರ ‘ಜಾಜಿ’ ಎಂದು ಕರೆಯುತ್ತಿದ್ದರು. ಭಾರತದಿಂದ ಹೋದವರು ‘ಜಹಾಜಿ ಭಾಯಿ’ ಎನ್ನುತ್ತಿದ್ದರು. ಮೂಲ ಒಂದೇ, ಜಹಾಜು. ಊರಿನಲ್ಲಿ ಅಣ್ಣತಮ್ಮಂದಿರನ್ನು, ದೊಡ್ಡಪ್ಪ ಚಿಕ್ಕಪ್ಪಂದಿರನ್ನು ಬಿಟ್ಟು ಬಂದವರಿಗೆ ಹಡಗಿನ ಜೊತೆಗಾರರೇ ಅಣ್ಣತಮ್ಮಂದಿರಾದರು. ಕಾಯಿಲೆ ಬಿದ್ದಾಗ, ಮದುವೆಗೆ, ಮರಣಕ್ಕೆ ಇವರೇ ಬರಬೇಕು. ಅಂಥವರನ್ನು ರಕ್ತಸಂಬಂಧಿಗಳಂತೆಯೇ ಕಾಣುವ ರೂಢಿ ಮುಂದೆಯೂ ನಡೆದುಬಂತು. ಮದೀನಾಕ್ಕೆ ಬಂದ ಮುಹಾಜಿರರನ್ನು ಅನ್ಸಾರರೊಡನೆ ಸಹೋದರರನ್ನಾಗಿ ಪ್ರವಾದಿವರ್ಯರು(ಸ) ಬೆಸೆದ ಘಟನೆ ಇಲ್ಲಿ ನೆನಪಾಗುತ್ತದೆ. ಆದರೆ ಸುರಿನಾಮ್‌ನಲ್ಲಿ ಇವರನ್ನು ಎದುರುಗೊಳ್ಳಲು ಅನ್ಸಾರರು ಯಾರೂ ಇರಲಿಲ್ಲ. ಮುಹಾಜಿರರೇ ಮುಹಾಜಿರರಿಗೆ ಅನ್ಸಾರರಾಗಬೇಕಾಯಿತು.

ಕರಾರು ಐದು ವರ್ಷದ್ದು. ವಾರಕ್ಕೆ ಆರು ದಿನ ಕೆಲಸ. ಗಂಡಸಿಗೆ ದಿನಕ್ಕೆ 60 ಸೆಂಟ್, ಹೆಂಗಸಿಗೆ 40 ಸೆಂಟ್ ಕೂಲಿ. ಕೆಲಸಕ್ಕೆ ಬಾರದಿದ್ದರೆ ಅದು ಅಪರಾಧ, ಜೈಲು ಶಿಕ್ಷೆಯ ತನಕ ಹೋಗುತ್ತಿತ್ತು. ವಾಸ ತೋಟದ ಉದ್ದನೆಯ ಲೈನು ಮನೆಗಳಲ್ಲಿ. ಪ್ರತಿಯೊಬ್ಬರಿಗೂ ಒಂದು ಕರಾರು ಸಂಖ್ಯೆ. ಕೂಲಿ ಸಾಲದೆಂದು ದನಿ ಎತ್ತಿದರೆ ಏನಾಗುತ್ತದೆ ಎಂಬುದನ್ನು 1902ರಲ್ಲಿ ಅದೇ ಮಾರಿಯೆನ್‌ಬರ್ಗ್ ತೋಟ ಕಂಡಿತು. ಜುಲೈ 29ರಂದು ಸಿಟ್ಟಿಗೆದ್ದ ಕೂಲಿಗಳು ಮ್ಯಾನೇಜರ್ ಜೇಮ್ಸ್ ಮೇವರ್‌ನನ್ನು ಕೊಂದರು. ಮರುದಿನ ಸೈನಿಕರು ಗುಂಡು ಹಾರಿಸಿದರು, 24 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಭಾರತ ಮೂಲದವರು. ಅವರನ್ನೆಲ್ಲ ಒಂದೇ ಗುಂಡಿಯಲ್ಲಿ ಹೂಳಲಾಯಿತು.

ಐದು ವರ್ಷ ಮುಗಿದ ಮೇಲೆ ಪುಕ್ಕಟೆಯಾಗಿ ಊರಿಗೆ ಮರಳುವ ಹಕ್ಕು ಕರಾರಿನಲ್ಲೇ ಇತ್ತು. ಈ ಹಕ್ಕನ್ನು ಬಿಟ್ಟುಕೊಟ್ಟವರಿಗೆ 100 ಗಿಲ್ಡರ್ ಹಣ ಮತ್ತು ಸಾಗುವಳಿಗೆ ಒಂದು ತುಂಡು ನೆಲ ಸಿಗುತ್ತಿತ್ತು. ಒಂದು ಕಡೆ ಊರು, ಇನ್ನೊಂದು ಕಡೆ ನೆಲ. ಎರಡನೆಯ ಮಹಾಯುದ್ಧದ ಮೊದಲು ಮರಳಿ ಹೋದವರು ನಾಲ್ಕರಲ್ಲಿ ಅಥವಾ ಐದರಲ್ಲಿ ಒಬ್ಬರು ಮಾತ್ರ. ಉಳಿದವರು ಅಲ್ಲೇ ನಿಂತರು. ಕೆಲವರು ನೂರು ಗಿಲ್ಡರ್ ಪಡೆದು ನಿಂತರು, ಕೆಲವರು ಎರಡನೆಯ ಕರಾರಿಗೆ ಹೆಬ್ಬೆಟ್ಟು ಒತ್ತಿದರು, ಕೆಲವರು ಹಡಗಿಗೆ ಕಾಯುತ್ತಾ ಕಾಯುತ್ತಾ ಮುದುಕರಾದರು. ಯಾರೂ “ಇನ್ನು ಇದೇ ನಮ್ಮ ಊರು” ಎಂದು ಒಂದು ದಿನ ಕುಳಿತು ತೀರ್ಮಾನಿಸಿದ್ದಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಮುಂದೂಡುತ್ತಾ ಹೋದಂತೆ ಮಕ್ಕಳು ಹುಟ್ಟಿದರು, ಗದ್ದೆ ಬೆಳೆಯಿತು, ಹಿರಿಯರೊಬ್ಬರು ತೀರಿಕೊಂಡು ಕಬರಸ್ಥಾನದಲ್ಲಿ ಮಲಗಿದರು. ಕಬರ್ ಇರುವ ಊರನ್ನು ಬಿಟ್ಟು ಹೋಗುವುದು ಸುಲಭವಲ್ಲ.

ಹೊಸ ನೆಲದಲ್ಲಿ ಅವರು ಜಾವಾವನ್ನು ಮತ್ತೆ ಕಟ್ಟಿದರು. ತಾಮನ್‌ರೆಜೊ ಎಂಬಂಥ ಜಾವಾ ಹೆಸರಿನ ಹಳ್ಳಿಗಳು ಎದ್ದವು. ಭತ್ತದ ಗದ್ದೆ ಮಾಡಿದರು. ಅಲ್ಲಿನ ತಗ್ಗು ನೆಲಕ್ಕೆ ಕಟ್ಟ ಕಟ್ಟಿ ತೂಬಿಟ್ಟು ನೀರು ನಿಭಾಯಿಸಬೇಕು. ಗದ್ದೆಯ ನೀರನ್ನು ಬಲ್ಲ ಜಾವಾದವರಿಗೆ ಇದು ಹೊಸ ವಿದ್ಯೆ ಆಗಿರಲಿಲ್ಲ. ಮರಣವಾದಾಗ, ಮಗು ಹುಟ್ಟಿದಾಗ ನೆರೆಹೊರೆಯವರನ್ನು ಕರೆದು ದುಆ ಮಾಡಿ ಊಟ ಹಾಕುವ ‘ಸ್ಲಾಮೆತಾನ್’ ನಡೆಯಿತು. ಗಾಮೆಲಾನ್ ವಾದ್ಯವೂ ನುಡಿಯಿತು. ಅಡುಗೆಯಂತೂ ಇಡೀ ದೇಶವನ್ನೇ ಗೆದ್ದಿತು. ಜಾವಾದ ‘ಸೋತೊ’ ಎಂಬ ಕೋಳಿ ಸಾರು ಅಲ್ಲಿ ‘ಸಾವೊತೊ’ ಆಗಿ, ಯಾವ ಜನಾಂಗದವರೇ ಇರಲಿ ಎಲ್ಲರೂ ಉಣ್ಣುವ ಊಟವಾಗಿದೆ. ಜಾವಾ ಊಟದ ‘ವಾರುಂಗ್’ ಅಂಗಡಿಗಳು ರಾಜಧಾನಿ ಪಾರಾಮಾರಿಬೊದಲ್ಲಿ ಇಂದಿಗೂ ಪ್ರಸಿದ್ಧ. ಭಾಷೆಯ ಕಥೆ ಬೇರೆ. ಜಾವಾ ಭಾಷೆಯಲ್ಲಿ ಹಿರಿಯರೊಡನೆ ಆಡುವ ಗೌರವದ ಮಾತೇ ಬೇರೆ, ಸಲುಗೆಯ ಮಾತೇ ಬೇರೆ. ಸುರಿನಾಮ್‌ನಲ್ಲಿ ಹುಟ್ಟಿ, ಡಚ್ ಶಾಲೆಗೆ ಹೋಗಿ, ಬೀದಿಯಲ್ಲಿ ಸ್ರಾನನ್ ಭಾಷೆ ಆಡಿದ ಮಕ್ಕಳಿಗೆ ಆ ಗೌರವದ ಮಾತು ಮೆಲ್ಲಮೆಲ್ಲನೆ ಕೈತಪ್ಪಿತು.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾವಾದಲ್ಲಿ ಒಬ್ಬನಿಗೆ ಒಂದೇ ಹೆಸರು, ಮನೆತನದ ಹೆಸರು ಎಂಬುದಿಲ್ಲ. ಡಚ್ ದಾಖಲೆಗೆ ಮನೆತನದ ಹೆಸರು ಬೇಕು. ಹೀಗಾಗಿ ಹಡಗಿನಿಂದ ಇಳಿದ ಅಜ್ಜನ ಒಂಟಿ ಹೆಸರೇ ಅವನ ಸಂತತಿಗೆಲ್ಲ ಮನೆತನದ ಹೆಸರಾಗಿ ನಿಂತಿತು.

ಇನ್ನು ಕಿಬ್ಲಾದ ಮಾತು.

ಜಾವಾದಿಂದ ಮಕ್ಕಾ ಇರುವುದು ಪಶ್ಚಿಮದಲ್ಲಿ, ತುಸು ಉತ್ತರಕ್ಕೆ. ನಮ್ಮ ಮಂಗಳೂರು, ಭಟ್ಕಳದಿಂದಲೂ ಹಾಗೆಯೇ. ಪಡುವಣ ಕಡಲಿನತ್ತ ಮುಖ ಮಾಡಿ ಸಫ್‌ನಲ್ಲಿ ನಿಲ್ಲುವುದು ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ನಮ್ಮ ಮಕ್ಕಳಿಗೆ ಕಿಬ್ಲಾ ಎಂದರೆ ಪಶ್ಚಿಮ, ಪಶ್ಚಿಮ ಎಂದರೆ ಕಿಬ್ಲಾ. ಮಯ್ಯಿತ್ತನ್ನು ತಲೆ ಉತ್ತರಕ್ಕೆ ಇಟ್ಟು ಬಲಮಗ್ಗುಲಿಗೆ ಮಲಗಿಸುತ್ತೇವೆ, ಆಗ ಮುಖ ಪಶ್ಚಿಮಕ್ಕೆ ಬರುತ್ತದೆ. ಕಿಬ್ಲಾ ಪೂರ್ವದಲ್ಲಿರುವ ದೇಶದಲ್ಲಿ ತಲೆ ದಕ್ಷಿಣಕ್ಕೆ ಬರಬೇಕು. ನಮ್ಮಿಂದ ಜಿದ್ದಾಕ್ಕೆ ಕೆಲಸಕ್ಕೆ ಹೋದವರು ಅಲ್ಲಿ ಮೊದಲ ಬಾರಿಗೆ ಪೂರ್ವಕ್ಕೆ ಮುಖ ಮಾಡಿ ನಿಂತಾಗ ಏನೋ ತಪ್ಪಿದಂತೆ ಅನ್ನಿಸಿತೆಂದು ಹೇಳುವುದುಂಟು. ಅವರಿಗಾದರೋ ಎದುರಿಗೇ ಮಸೀದಿ ಇದೆ, ಇಮಾಮರಿದ್ದಾರೆ, ಈಗ ಕೈಯಲ್ಲಿ ಮೊಬೈಲೂ ಇದೆ. 1890ರಲ್ಲಿ ಕಬ್ಬಿನ ತೋಟಕ್ಕೆ ಬಂದಿಳಿದ ಅಕ್ಷರ ಬಾರದ ರೈತನಿಗೆ ಏನಿತ್ತು? ಅಪ್ಪ ಕಲಿಸಿದ್ದು ಪಶ್ಚಿಮಕ್ಕೆ, ಊರಿನ ಮಸೀದಿಯ ಮಿಹ್ರಾಬ್ ಇದ್ದದ್ದು ಪಶ್ಚಿಮಕ್ಕೆ, ಸೂರ್ಯ ಮುಳುಗುವುದು ಇಲ್ಲೂ ಅಲ್ಲೂ ಪಶ್ಚಿಮಕ್ಕೇ. ಅವನು ಹಾಗೆಯೇ ನಿಂತ. ಅವನ ಹಿಂದೆ ಮಕ್ಕಳು ನಿಂತರು. ಅಲ್ಲಿ ಕಟ್ಟಿದ ಮೊದಲ ನಮಾಝ್ ಮನೆಗಳೂ ಪಶ್ಚಿಮಕ್ಕೇ ನಿಂತವು.

ಜಾವಾದಲ್ಲೇ ಆಗ ಕಿಬ್ಲಾದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಅನೇಕ ಮಸೀದಿಗಳು ನೇರ ಪಶ್ಚಿಮಕ್ಕಿದ್ದವು. ಆ ಗೆರೆಯನ್ನು ಹಾಗೇ ಎಳೆದರೆ ಅದು ಆಫ್ರಿಕಕ್ಕೆ ಹೋಗಿ ತಾಗುತ್ತದೆ. 1890ರ ದಶಕದ ಕೊನೆಯಲ್ಲಿ ಯೋಗ್ಯಕರ್ತಾ ನಗರದ ಯುವ ವಿದ್ವಾಂಸ ಅಹ್ಮದ್ ದಹ್ಲಾನ್, ಹಜ್ಜ್ ಮುಗಿಸಿ ಮಕ್ಕಾದಲ್ಲಿ ಕಲಿತು ಬಂದವರು, ಇದನ್ನು ಸರಿಪಡಿಸಲು ಹೊರಟರು. ದೊಡ್ಡ ಮಸೀದಿಯ ನೆಲದಲ್ಲಿ ಸರಿಯಾದ ದಿಕ್ಕಿನ ಗೆರೆಗಳು ಕಾಣಿಸಿಕೊಂಡಾಗ ಹಿರಿಯರು ಕೆರಳಿದರು. ಅವರು ತಮ್ಮ ಮನೆಯ ಬಳಿ ಸರಿಯಾದ ದಿಕ್ಕಿಗೆ ಕಟ್ಟಿಕೊಂಡ ಸಣ್ಣ ನಮಾಝ್ ಮನೆಯನ್ನು ಕೆಡವಿ ಹಾಕಲಾಯಿತು. ಅದೇ ಅಹ್ಮದ್ ದಹ್ಲಾನ್ 1912ರಲ್ಲಿ ಮುಹಮ್ಮದಿಯ್ಯಾ ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಇಂದು ಇಂಡೊನೇಷ್ಯಾದಲ್ಲಿ ಅದಕ್ಕೆ ಸಾವಿರಾರು ಶಾಲೆಗಳು, ನೂರಾರು ಆಸ್ಪತ್ರೆಗಳಿವೆ. ಇಪ್ಪತ್ತೈದು ಡಿಗ್ರಿಯಷ್ಟು ತಿರುಗಿಸಿದ್ದಕ್ಕೇ ತಾಯ್ನಾಡಿನಲ್ಲಿ ಇಷ್ಟು ಗಲಾಟೆಯಾದರೆ, ಪರದೇಶದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಎಂದರೆ ಹೇಗಾಗಿರಬೇಡ?

ಹಾಗೆ ಹೇಳುವವರು 1930ರ ದಶಕದಲ್ಲಿ ಮುಂದೆ ಬಂದರು. ಆ ಹೊತ್ತಿಗೆ ತೋಟದ ಹೊರಗೆ ಬದುಕು ಕಟ್ಟಿಕೊಂಡಿದ್ದ, ಓದು ಬರಹ ಬಲ್ಲ ಜಾವಾದವರ ಒಂದು ತಲೆಮಾರು ಇತ್ತು. ಭಾರತ ಮೂಲದ ಮುಸ್ಲಿಮರ ಒಡನಾಟವೂ ಬೆಳೆದಿತ್ತು. ಕುತೂಹಲದ ಸಂಗತಿಯೆಂದರೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಈ ಹನಫಿ ಮುಸ್ಲಿಮರಿಗೂ ಊರಿನಲ್ಲಿ ಕಿಬ್ಲಾ ಇದ್ದದ್ದು ಪಶ್ಚಿಮಕ್ಕೇ. ಆದರೆ ಅವರು ಸುರಿನಾಮ್‌ನಲ್ಲಿ ಪೂರ್ವಕ್ಕೆ ತಿರುಗಿದ್ದರು. ಅದನ್ನು ಕಂಡ ಜಾವಾದ ಸುಧಾರಕರು, ಭೂಪಟ ಬಿಚ್ಚಿ ನೋಡಿ, ನಾವು ನಿಂತಿರುವ ದಿಕ್ಕು ತಪ್ಪು ಎಂದರು.

ಆಗ ಹಿರಿಯರು ಒಪ್ಪಲಿಲ್ಲ. ಅಪ್ಪ ಅಜ್ಜಂದಿರು ನಿಂತ ದಿಕ್ಕು ಇದು, ನಾವು ಜಾವಾದವರು, ಜಾವಾದವರು ನಿಲ್ಲುವುದು ಪಶ್ಚಿಮಕ್ಕೆ ಎಂಬುದು ಅವರ ಮಾತು. ಭೂಮಿ ದುಂಡಗಿದೆಯಲ್ಲ, ಪಶ್ಚಿಮಕ್ಕೇ ಹೋಗುತ್ತಿದ್ದರೂ ಮಕ್ಕಾ ಸಿಕ್ಕೀತು ಎಂದು ಯಾರಾದರೂ ತಮಾಷೆಗೆ ಹೇಳಬಹುದು. ಹಾಗೆ ಹೋದರೆ ಮೊದಲು ಶಾಂತ ಸಾಗರ ದಾಟಿ ಏಷ್ಯಾವನ್ನೆಲ್ಲ ಹಾದು ಬರಬೇಕು. ಒಂದೇ ಜನ, ಒಂದೇ ಹಡಗಿನ ಜಾಜಿಗಳು, ಪಶ್ಚಿಮದವರು ಮತ್ತು ಪೂರ್ವದವರು ಎಂದು ಎರಡಾದರು. ಮಸೀದಿ ಎರಡಾಯಿತು. ಸಂಘಗಳೂ ಬೇರೆಯಾದವು. ಸ್ಲಾಮೆತಾನ್‌ನಂಥ ಆಚರಣೆಗಳಲ್ಲಿ ಯಾವುದು ದೀನ್, ಯಾವುದು ಜಾವಾದ ರೂಢಿ ಎಂಬ ವಾದವೂ ಇದರೊಂದಿಗೆ ಸೇರಿಕೊಂಡಿತು.

ಫಿಕ್‌ಹ್‌ನ ದೃಷ್ಟಿಯಿಂದ ಇಲ್ಲಿ ಎರಡು ಮಾತಿಲ್ಲ. ದಿಕ್ಕು ತಿಳಿಯದವನು ತನ್ನಿಂದಾದಷ್ಟು ಪ್ರಯತ್ನ ಮಾಡಿ ನಿಂತ ನಮಾಝ್ ಬೇರೆ ವಿಷಯ. ತಿಳಿದ ಮೇಲೆ ತಿರುಗಲೇಬೇಕು. ಪ್ರವಾದಿವರ್ಯರು(ಸ) ಹಿಜ್ರಾದ ನಂತರ ಹದಿನಾರು ಹದಿನೇಳು ತಿಂಗಳ ಕಾಲ ಬೈತುಲ್ ಮಕ್ದಿಸ್‌ನತ್ತ ಮುಖ ಮಾಡಿ ನಮಾಝ್ ನಿರ್ವಹಿಸಿದ್ದರು. ಮದೀನಾದಿಂದ ಬೈತುಲ್ ಮಕ್ದಿಸ್ ಉತ್ತರಕ್ಕೆ, ಮಕ್ಕಾ ದಕ್ಷಿಣಕ್ಕೆ. ಕಿಬ್ಲಾ ಬದಲಾದ ಸುದ್ದಿ ಕುಬಾದಲ್ಲಿ ಫಜ್ರ್ ನಮಾಝ್‌ನಲ್ಲಿದ್ದವರಿಗೆ ತಲುಪಿದಾಗ ಅವರು ನಮಾಝ್ ಮುಗಿಯುವ ತನಕವೂ ಕಾಯದೆ, ನಿಂತಲ್ಲೇ ಹಿಂದಕ್ಕೆ ತಿರುಗಿದರೆಂದು ಹದೀಸ್‌ಗಳಲ್ಲಿದೆ. ಆದರೂ ಆ ತಿರುಗುವಿಕೆ ಎಲ್ಲರಿಗೂ ಹಗುರವಾಗಿರಲಿಲ್ಲ, ಅದೊಂದು ಪರೀಕ್ಷೆಯಾಗಿತ್ತು ಎಂಬ ಸೂಚನೆ ಸೂರಃ ಅಲ್ ಬಕರದಲ್ಲೇ ಇದೆ.

ಸುರಿನಾಮ್‌ನ ಹಿರಿಯರಿಗೆ ಅದು ಯಾಕೆ ಭಾರವಾಯಿತು? ನನಗನ್ನಿಸುವುದು ಹೀಗೆ. ಪಶ್ಚಿಮ ಅವರಿಗೆ ಮಕ್ಕಾದ ದಿಕ್ಕು ಮಾತ್ರ ಆಗಿರಲಿಲ್ಲ, ಜಾವಾದಲ್ಲಿ ಇದ್ದಾಗಿನ ದಿಕ್ಕು ಆಗಿತ್ತು. ಪೂರ್ವಕ್ಕೆ ತಿರುಗುವುದೆಂದರೆ, ನಾವೀಗ ಜಾವಾದಲ್ಲಿಲ್ಲ, ಬೇರೆ ಕಡೆ ಇದ್ದೇವೆ, ಇಲ್ಲೇ ಇರುತ್ತೇವೆ ಎಂದು ದಿನಕ್ಕೆ ಐದು ಸಲ ಒಪ್ಪಿಕೊಂಡಂತೆ. ಮರಳುವ ಹಕ್ಕನ್ನು ನೂರು ಗಿಲ್ಡರಿಗೆ ಮಾರಿದವರಿಗೆ, ಮಾರಿದ್ದಕ್ಕೆ ಒಳಗೊಳಗೇ ಕೊರಗಿದವರಿಗೆ, ಆ ಒಪ್ಪಿಗೆ ಕಷ್ಟವಾಗಿದ್ದಿರಬೇಕು. ಅವರದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಸುಧಾರಕರು ಹೇಳಿದ್ದೇ ಸರಿ. ಆದರೆ ದಿಕ್ಕು ತೋರಿಸುವವನಿಗೆ ಎದುರಿನವನ ಮನಸ್ಸು ಎಲ್ಲಿ ಕಟ್ಟಿಬಿದ್ದಿದೆ ಎಂಬುದೂ ತಿಳಿದಿದ್ದರೆ ಒಂದು ಊರಿನ ಜಮಾಅತ್ ಎರಡಾಗುವುದು ತಪ್ಪುತ್ತಿತ್ತೇನೋ.

ಇದೇ ಕಾಲದಲ್ಲಿ ಇನ್ನೊಂದು ಸಮಸ್ಯೆಯೂ ಇತ್ತು, ಕಿಬ್ಲಾದಷ್ಟು ಸದ್ದು ಮಾಡದಿದ್ದರೂ ಮನೆಮನೆಯನ್ನೂ ಮುಟ್ಟುವಂಥದ್ದು. ಇವರ ನಿಕಾಹ್‌ಗೆ ಸುರಿನಾಮ್‌ನ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಸರಕಾರಿ ಕಚೇರಿಯಲ್ಲಿ ಡಚ್ ಪದ್ಧತಿಯಂತೆ ನೋಂದಾಯಿಸಿದ ಮದುವೆ ಮಾತ್ರ ಮದುವೆ. ವಲಿ, ಸಾಕ್ಷಿ, ಮಹ್ರ್ ಎಲ್ಲವೂ ಇದ್ದು, ಊರಿನ ಹಿರಿಯರ ಮುಂದೆ ನಡೆದ ನಿಕಾಹ್ ಕಾನೂನಿನ ಕಣ್ಣಿಗೆ ಏನೂ ಅಲ್ಲ. ಹಾಗಾಗಿ ಅಂಥ ದಂಪತಿಯ ಮಕ್ಕಳು ದಾಖಲೆಯಲ್ಲಿ ಮದುವೆಯಾಚೆ ಹುಟ್ಟಿದವರು. ತಂದೆ ತೀರಿಕೊಂಡರೆ ಆಸ್ತಿಗೆ ತೊಡಕು. ಅಲ್ಲಾಹನ ಮುಂದೆ ಕುಟುಂಬ, ಸರಕಾರದ ಮುಂದೆ ಬಿಡಿ ಬಿಡಿ ಕೂಲಿಗಳು. ಕೆಲವು ದಶಕಗಳ ಕಾಲ ಸಾವಿರಾರು ಮನೆಗಳು ಹೀಗೆ ಬದುಕಿದವು.

1933ರಲ್ಲಿ ಗವರ್ನರ್ ಆಗಿ ಬಂದ ಕೀಲ್‌ಸ್ಟ್ರಾ ಎಂಬವರು ಮೊದಲು ಇಂಡೊನೇಷ್ಯಾದಲ್ಲಿ ಕೆಲಸ ಮಾಡಿದ್ದವರು. ಮುಸ್ಲಿಮರ ಮತ್ತು ಹಿಂದೂಗಳ ಧಾರ್ಮಿಕ ವಿವಾಹಗಳಿಗೆ ಮಾನ್ಯತೆ ಕೊಡುವ ಕಾನೂನುಗಳನ್ನು ಅವರು ತಂದರು. 1940ರಲ್ಲಿ ಅವು ಹೊರಬಿದ್ದವು. ಸ್ಥಳೀಯ ಗಣ್ಯರು ಬಲವಾಗಿ ವಿರೋಧಿಸಿದರು. ಒಂದೇ ದೇಶದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾನೂನಾದರೆ ಜನರು ಎಂದೂ ಒಂದಾಗಲಾರರು ಎಂಬುದು ಅವರ ವಾದ. ಕೀಲ್‌ಸ್ಟ್ರಾ ಅವರ ಉದ್ದೇಶ ಪೂರ್ತಿ ಪರೋಪಕಾರದ್ದಾಗಿತ್ತು ಎಂದೇನೂ ಅಲ್ಲ. ಜಾವಾದ ಹಳ್ಳಿಗಳ ಮಾದರಿಯನ್ನೇ ಅಲ್ಲಿ ಎಬ್ಬಿಸಿ, ಜಾವಾದವರನ್ನು ಬೇಸಾಯಗಾರರಾಗಿಯೇ ಇರಿಸಿಕೊಳ್ಳುವ ಯೋಜನೆ ಅವರಿಗಿತ್ತು. ಆದರೂ ನಿಕಾಹ್‌ಗೆ ಮಾನ್ಯತೆ ಸಿಕ್ಕಿದ ಮೇಲೆ ಒಬ್ಬ ತಾಯಿ ತನ್ನ ಮಗುವನ್ನು ತಂದೆಯ ಹೆಸರಿನಲ್ಲಿ ಶಾಲೆಗೆ ಸೇರಿಸುವಾಗ ತಲೆ ತಗ್ಗಿಸಬೇಕಾಗಿರಲಿಲ್ಲ. ಪರದೇಶದಲ್ಲಿ ನೆಲೆಯೂರುವುದು ಅಂದರೆ ಮನೆ, ಗದ್ದೆ, ಮಸೀದಿ ಮಾತ್ರವಲ್ಲ, ಇದೂ ಸೇರಿದೆ.

ಊರಿನ ಆಸೆ ಮಾತ್ರ ಸಾಯಲಿಲ್ಲ. ಇಂಡೊನೇಷ್ಯಾ 1945ರಲ್ಲಿ ಸ್ವಾತಂತ್ರ್ಯ ಘೋಷಿಸಿತು. ಸುರಿನಾಮ್‌ನ ಜಾವಾದವರಲ್ಲಿ ‘ಮುಲಿಹ್ ಜೊವೊ’, ಅಂದರೆ ಜಾವಾಕ್ಕೆ ಮರಳೋಣ ಎಂಬ ಮಾತು ಮತ್ತೆ ಎದ್ದಿತು. 1949ರಲ್ಲಿ ಎಲ್ಲರಿಗೂ ಮತದಾನದ ಹಕ್ಕು ಸಿಕ್ಕಿ ಚುನಾವಣೆ ನಡೆದಾಗ ಇಡಿಂಗ್ ಸೂಮಿತಾ ಎಂಬ ನಾಯಕರು ಈ ಮರಳುವ ಆಸೆಯ ಮೇಲೆಯೇ ಜನರ ಬೆಂಬಲ ಗಳಿಸಿದರು. ಅವರು ಹೋಗಲಿಲ್ಲ. ನಿಜವಾಗಿ ಜನರನ್ನು ಕಟ್ಟಿಕೊಂಡು ಹೊರಟವರು ಅವರ ಎದುರಾಳಿ ಸಲಿಕಿನ್ ಹಾರ್ಜೊ. 1954ರಲ್ಲಿ ‘ಲಾಂಕುವಾಸ್’ ಎಂಬ ಹಡಗಿನಲ್ಲಿ ಸುಮಾರು ಒಂದು ಸಾವಿರ ಮಂದಿ, ಮಕ್ಕಳು ಮರಿ, ಯಂತ್ರ ಸಲಕರಣೆಗಳೊಂದಿಗೆ ಹೊರಟರು. ಹೋಗಿ ಇಳಿದದ್ದು ಜಾವಾದಲ್ಲಲ್ಲ. ಜನ ತುಂಬಿದ ಜಾವಾದಲ್ಲಿ ಜಾಗವಿಲ್ಲವೆಂದು ಇಂಡೊನೇಷ್ಯಾ ಸರಕಾರ ಅವರಿಗೆ ಪಶ್ಚಿಮ ಸುಮಾತ್ರಾದ ತೊಂಗಾರ್ ಎಂಬಲ್ಲಿ ಜಾಗ ಕೊಟ್ಟಿತು. ಅದು ಕಾಡು. ಕಾಡು ಕಡಿದು ಹೊಲ ಮಾಡಿದರು. ಹಲವರಿಗೆ ಆ ಬದುಕು ಒಗ್ಗದೆ ಪೇಟೆಗಳಿಗೆ ಚದುರಿ ಹೋದರು. ಅವರಲ್ಲಿ ಸುರಿನಾಮ್‌ನಲ್ಲಿ ಹುಟ್ಟಿದ, ಡಚ್ ಮಾತನಾಡುವ, ಜಾವಾವನ್ನು ಅಜ್ಜನ ಬಾಯಲ್ಲಿ ಮಾತ್ರ ಕೇಳಿದ್ದ ಯುವಕರಿದ್ದರು. ಅಜ್ಜ ಮರಳಿದ ಊರು ಮೊಮ್ಮಗನಿಗೆ ಪರದೇಶ. ಅಪ್ಪನೊಡನೆ ಪೂರ್ವಕ್ಕೆ ನಿಂತು ನಮಾಝ್ ಕಲಿತ ಹುಡುಗನೊಬ್ಬ ಆ ಹಡಗಿನಲ್ಲಿ ಇದ್ದಿದ್ದರೆ, ಸುಮಾತ್ರಾದಲ್ಲಿ ಅವನು ಮತ್ತೆ ಪಶ್ಚಿಮಕ್ಕೆ ತಿರುಗಬೇಕಾಗಿತ್ತು.

ಸುರಿನಾಮ್‌ನಲ್ಲಿ ಉಳಿದವರು ಕಾಲಕ್ರಮದಲ್ಲಿ ರಾಜಕೀಯದಲ್ಲಿ, ಸರಕಾರಿ ಕೆಲಸಗಳಲ್ಲಿ, ವ್ಯಾಪಾರದಲ್ಲಿ ಮುಂದೆ ಬಂದರು. ಪೂರ್ವಕ್ಕೆ ಮುಖ ಮಾಡುವ ಮಸೀದಿಗಳು ಹೆಚ್ಚಿದವು. ಪಶ್ಚಿಮದವರ ಮಸೀದಿಗಳೂ ಉಳಿದಿವೆ. ಮೊದಲಿನ ಕಾವು ಈಗಿಲ್ಲ.

1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಯಿತು. ಆ ಆಸುಪಾಸಿನ ವರ್ಷಗಳಲ್ಲಿ ದೇಶದ ಮೂರನೇ ಒಂದು ಭಾಗದಷ್ಟು ಜನರು ನೆದರ್‌ಲ್ಯಾಂಡ್ಸ್‌ಗೆ ವಲಸೆ ಹೋದರು. ಜಾವಾದವರೂ ಸಾವಿರಾರು ಮಂದಿ ಹೋದರು. ಮುತ್ತಜ್ಜ ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತಿದ ಅದೇ ಆಮ್‌ಸ್ಟರ್‌ಡ್ಯಾಮಿಗೆ ಮರಿಮಕ್ಕಳು ವಿಮಾನದಲ್ಲಿ ಬಂದಿಳಿದರು. ಅಲ್ಲಿ ಕಿಬ್ಲಾ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಆಗ್ನೇಯಕ್ಕೆ. ಪಶ್ಚಿಮದವರ ಮನೆಯ ಮಗನಿಗೂ ಪೂರ್ವದವರ ಮನೆಯ ಮಗನಿಗೂ ಅದು ಹೊಸ ದಿಕ್ಕು.

ಕರಾರು ಕೂಲಿಗಳ ಹಳೆಯ ದಫ್ತರುಗಳನ್ನು ಈಗ ಯಾರು ಬೇಕಾದರೂ ಹುಡುಕಿ ನೋಡಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ, ಸುರಿನಾಮ್‌ನಲ್ಲಿ ಇರುವ ಮರಿಮಕ್ಕಳು ತಮ್ಮ ಮನೆತನದ ಹೆಸರನ್ನು ಹಾಕಿ ಹುಡುಕುತ್ತಾರೆ. ಆ ಹೆಸರೇ ಮುತ್ತಜ್ಜನ ಹೆಸರು. ಕರಾರು ಸಂಖ್ಯೆ, ವಯಸ್ಸು, ಎತ್ತರ, ಹಡಗಿನ ಹೆಸರು, ಕಳುಹಿಸಿದ ತೋಟ, ಮತ್ತು ಜಾವಾದಲ್ಲಿ ಅವನು ಬಿಟ್ಟು ಬಂದ ಹಳ್ಳಿಯ ಹೆಸರು ಅದರಲ್ಲಿ ಸಿಗುತ್ತವೆ. ಕೆಲವರು ಆ ಹಳ್ಳಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜಾವಾಕ್ಕೆ ಹೋಗಿ, ಸಂಬಂಧಿಕರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಿ ಬರುತ್ತಾರೆ.